ಸಿಡಿಲು ಬಡಿದ ಟೈಲರ್ ಮತ್ತು ಅಪ್ಪನ ಅಳತೆ ಪುಸ್ತಕ

ಸೂಪರ್‌ಹೀರೋ ಸಿನಿಮಾ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಾರುವುದು, ಬಡಿದಾಡುವುದು, ಲೋಕವನ್ನು ಉಳಿಸುವುದು, ಇವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಹನುಮಂತ ಸಮುದ್ರ ಹಾರಿದ ಕಥೆಯನ್ನು ಅಜ್ಜಿಯ ಬಾಯಲ್ಲಿ ಹತ್ತಾರು ಸಲ ಕೇಳಿ ಬೆಳೆದವಳು ನಾನು. ನನ್ನ ತಕರಾರು ಬೇರೆ. ಆ ನಾಯಕರಿಗೆ ಊರು ಇರುವುದಿಲ್ಲ. ದೊಡ್ಡ ನಗರದಲ್ಲಿ ಗಾಜಿನ ಕಟ್ಟಡವೊಂದು ಕುಸಿದು ಬೀಳುತ್ತದೆ. ಅದರ ಬುಡದಲ್ಲಿ ಅಂಗಡಿ ಇಟ್ಟುಕೊಂಡಿದ್ದವನು ಯಾರು, ಅವನ ಬಾಡಿಗೆ ಎಷ್ಟು ತಿಂಗಳಿನದು ಬಾಕಿಯಿತ್ತು, ಮಾರನೆಯ ದಿನ ಆ ಗಾಜಿನ ಚೂರನ್ನು ಗುಡಿಸಿದವರು ಯಾರು ಎಂಬುದು ಯಾವತ್ತೂ ಗೊತ್ತಾಗುವುದಿಲ್ಲ. 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಬಂದಾಗ ತಂಗಿಯ ಮಗನಿಗೆ ಆರು ವರ್ಷ. ಅವನ ಹಟಕ್ಕೆ ಮಣಿದು ಮೂರು ಗಂಟೆ ಕತ್ತಲಲ್ಲಿ ಕುಳಿತು ಎದ್ದು ಬಂದಿದ್ದೆ. ಈಗ ಹನ್ನೆರಡು ತುಂಬಿದ ಅವನು ನನ್ನೊಂದಿಗೆ ವಾದಕ್ಕೂ ನಿಲ್ಲುತ್ತಾನೆ: 1938ರಷ್ಟು ಹಿಂದೆ ಹುಟ್ಟಿದ ಸೂಪರ್‌ಮ್ಯಾನ್ ಕೂಡ ಹಳ್ಳಿಯ ರೈತ ದಂಪತಿ ಸಾಕಿದ ಮಗನಂತೆ. ಇರಬಹುದು. ಆದರೆ ಕೆಲಸ ಸಿಕ್ಕಿ ಪಟ್ಟಣ ಸೇರಿದ ಮೇಲೆ ಅವನಿಗೂ ಹಳ್ಳಿ ಎಂದರೆ ವರ್ಷಕ್ಕೊಮ್ಮೆ ಹೋಗಿ ಬರುವ ಮನೆ ಅಷ್ಟೇ.

ಕಳೆದ ಏಪ್ರಿಲ್‌ನಲ್ಲಿ ಹಾಸನದಿಂದ ಚಿಕ್ಕಮಗಳೂರಿನ ತಂಗಿಯ ಮನೆಗೆ ಹೋಗಿದ್ದೆ. ಅಮ್ಮನೂ ಊರಿನಿಂದ ಬಂದಿದ್ದಳು. ಹೂಮಳೆ ಆಗಿ, ಕಾಫಿ ಹೂವು ಅರಳಿ ಉದುರಿ, ಎರಡನೆಯ ಮಳೆ ಹಿಡಿದರೆ ಸಾಕು ಎಂದು ತೋಟದವರು ಆಕಾಶ ನೋಡುತ್ತಿದ್ದ ದಿನಗಳು. ಸಂಜೆ ಮುಳ್ಳಯ್ಯನಗಿರಿಯ ಕಡೆ ಕಪ್ಪಾಗಿತ್ತು. ಮಗ ಟಿ.ವಿ.ಯಲ್ಲಿ 'ಮಿನ್ನಲ್ ಮುರಳಿ' ಹಾಕಿದ. 2021ರ ಕ್ರಿಸ್‌ಮಸ್ ಮುನ್ನಾದಿನ ನೆಟ್‌ಫ್ಲಿಕ್ಸ್‌ನಲ್ಲಿ ಬಂದ, ಬೇಸಿಲ್ ಜೋಸೆಫ್ ನಿರ್ದೇಶಿಸಿದ ಮಲಯಾಳಂ ಸಿನಿಮಾ; ಕನ್ನಡದ ಧ್ವನಿಯಲ್ಲೂ ಸಿಗುತ್ತದೆ. ಮಿನ್ನಲ್ ಎಂದರೆ ನಮ್ಮ ಮಿಂಚು. ನಾನು ಬಟಾಣಿ ಸುಲಿಯುತ್ತ ಅರ್ಧ ಕಣ್ಣಿನಲ್ಲಿ ನೋಡುತ್ತಿದ್ದೆ. ನಾಯಕ ಟೈಲರ್ ಎಂದು ತಿಳಿದದ್ದೇ ತಡ, ಬಟಾಣಿಯ ಮೊರವನ್ನು ಪಕ್ಕಕ್ಕಿಟ್ಟೆ. ನನ್ನ ಅಪ್ಪ ಮೂವತ್ತೈದು ವರ್ಷ ಮೂಡಿಗೆರೆ–ಸಕಲೇಶಪುರ ರಸ್ತೆಯ ನಮ್ಮ ಸಣ್ಣ ಊರಿನಲ್ಲಿ ಟೈಲರ್ ಆಗಿದ್ದವರು.

ಸಿನಿಮಾದಲ್ಲಿ ಮಿಂಚು ಬಡಿದ ಸ್ವಲ್ಪ ಹೊತ್ತಿಗೆ ಹೊರಗೂ ಗುಡುಗಿತು. ಅಮ್ಮ ಒಳಗಿನಿಂದಲೇ 'ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ' ಎಂದು ಹತ್ತು ಹೆಸರುಗಳನ್ನು ಶುರು ಮಾಡಿದಳು. ತಂಗಿ ಓಡಿ ಬಂದು ಟಿ.ವಿ.ಯ ಪ್ಲಗ್ ಕಿತ್ತಳು. ಮಲೆನಾಡಿನ ಯಾವ ಮನೆಯಲ್ಲೂ ಸಿಡಿಲಿನ ಹೊತ್ತಿನಲ್ಲಿ ಟಿ.ವಿ. ನೋಡಲು ಬಿಡುವುದಿಲ್ಲ. ಉಳಿದ ಸಿನಿಮಾವನ್ನು ಮಗ ಮೊಬೈಲಿನಲ್ಲಿ ಹಾಕಿ ದಿಂಬಿಗೆ ಒರಗಿಸಿಟ್ಟ. ಅಂಗೈಯಗಲದ ಪರದೆಯಲ್ಲಿ, ಒಬ್ಬರ ತಲೆಗೆ ಒಬ್ಬರ ತಲೆ ತಾಗಿಸಿಕೊಂಡು, ಹೊರಗೆ ಹೆಂಚಿನ ಮೇಲೆ ಮಳೆ ಬಡಿಯುತ್ತಿರುವಾಗ ನೋಡಿದ ಸಿನಿಮಾ ಅದು. ಆ ಮೇಲೆ ತಿಂಗಳುಗಟ್ಟಲೆ ನನ್ನನ್ನು ಬಿಡಲಿಲ್ಲ.

ಇಬ್ಬರು, ಒಂದೇ ಮಿಂಚು

(ನೋಡದಿರುವವರು ಈ ಭಾಗವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು, ಕಥೆಯ ಗುಟ್ಟುಗಳು ಇಲ್ಲಿವೆ.)

1990ರ ದಶಕದ ಕೇರಳ, ಕುರುಕ್ಕನ್‌ಮೂಲ ಎಂಬ ಕಲ್ಪಿತ ಊರು. ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ಒಬ್ಬ ಜೈಸನ್, ಅಮೆರಿಕಕ್ಕೆ ಹೋಗುವ ಕನಸಿನಲ್ಲಿರುವ ಟೈಲರ್. ಟೊವಿನೊ ಥಾಮಸ್ ಆ ಪಾತ್ರ ಮಾಡಿದ್ದಾರೆ. ಇನ್ನೊಬ್ಬ ಶಿಬು, ಚಹದ ಅಂಗಡಿಯಲ್ಲಿ ಕೆಲಸ ಮಾಡುವವನು. ಇಬ್ಬರಿಗೂ ಅಸಾಧ್ಯವಾದ ಶಕ್ತಿ ಬರುತ್ತದೆ, ಬಹುತೇಕ ಒಂದೇ ತೂಕದ್ದು. ಸೂಪರ್‌ಹೀರೋ ಕಥೆಗಳಲ್ಲಿ ಶಕ್ತಿ ಸಿಕ್ಕವನು ಒಳ್ಳೆಯವನಾಗುವುದು ಅವನ ಮನಸ್ಸು ಒಳ್ಳೆಯದಾದ್ದರಿಂದ, ಕೆಟ್ಟವನಾಗುವುದು ಮನಸ್ಸು ಕೆಟ್ಟದ್ದರಿಂದ ಎಂದೇ ನಾನು ತಿಳಿದಿದ್ದೆ. ಇಲ್ಲಿ ಹಾಗಿಲ್ಲ. ಜೈಸನ್‌ಗೆ ಸಾಕಿದ ಅಪ್ಪ ಇದ್ದಾನೆ, ಅಕ್ಕ ಇದ್ದಾಳೆ, ಬೆನ್ನಿಗೆ ಅಂಟಿಕೊಂಡೇ ಇರುವ ಅಕ್ಕನ ಮಗ ಇದ್ದಾನೆ, ಬಾಗಿಲು ತೆರೆಯಲು ಒಂದು ಅಂಗಡಿ ಇದೆ. ಮುರಳಿ ಎಂಬ ನಾಟಕದ ಕಲಾವಿದ ತನ್ನ ಹೆತ್ತ ತಂದೆ ಎಂದು ತಿಳಿದಾಗ ಆ ಹೆಸರೇ ಅವನಿಗೆ ಆಸರೆಯಾಗುತ್ತದೆ. ಶಿಬುವಿಗೆ ಇರುವುದು ಊರಿನವರ ಕೈಯಲ್ಲಿ ಸಿಕ್ಕ ಒಂದೇ ಬಿರುದು: ಹುಚ್ಚ. ಅವನ ತಾಯಿಗೂ ಅದೇ ಬಿರುದಿತ್ತು.

ಶಿಬುವಿನ ಪಾತ್ರ ಮಾಡಿದವರು ಗುರು ಸೋಮಸುಂದರಂ. ಚೆನ್ನೈನ ಕೂತ್ತುಪ್ಪಟ್ಟರೈ ರಂಗತಂಡದಲ್ಲಿ ಪಳಗಿದ ತಮಿಳು ನಟ. ಬಾಲ್ಯದಿಂದ ಪ್ರೀತಿಸಿದ ಉಷಾ ಬೇರೊಬ್ಬನೊಂದಿಗೆ ಊರು ಬಿಟ್ಟು, ಎಷ್ಟೋ ವರ್ಷಗಳ ಮೇಲೆ ಕಾಯಿಲೆಯ ಮಗಳನ್ನು ಕರೆದುಕೊಂಡು ಮರಳಿದ್ದಾಳೆ. ಆ ಮಗುವಿನ ಚಿಕಿತ್ಸೆಗೆ ಹಣ ಬೇಕೆಂದು ಶಿಬು ಬ್ಯಾಂಕು ದೋಚುತ್ತಾನೆ. ಇಪ್ಪತ್ತೆಂಟು ವರ್ಷ ನಿನಗಾಗಿ ಕಾದೆ ಎಂದು ಅವಳಿಗೆ ಹೇಳಿ, ಅವಳು ಒಪ್ಪಿದಾಗ ಅವನ ಮುಖದಲ್ಲಿ ಆಗುವುದನ್ನು ನಾನು ಬರೆದು ತೋರಿಸಲಾರೆ. ನಗು ಬಂದು ಅಳುವಾಗಿ, ಅಳು ಮತ್ತೆ ನಗುವಾಗಿ, ಇಷ್ಟು ದೊಡ್ಡ ಸಂತೋಷವನ್ನು ಇಟ್ಟುಕೊಳ್ಳಲು ಮೈಯಲ್ಲಿ ಜಾಗವೇ ಇಲ್ಲವೇನೋ ಎಂಬಂತೆ ಅವನು ನಡುಗುತ್ತಾನೆ. ಕಲ್ಲು ಎತ್ತಿ ಎಸೆಯಬಲ್ಲ ಶಕ್ತಿ ಸಿಕ್ಕಾಗ ಅವನಿಗೆ ಇಷ್ಟು ಆಗಿರಲಿಲ್ಲ. ಒಬ್ಬಳು ಒಲ್ಲೆ ಎನ್ನಲಿಲ್ಲ, ಅದಕ್ಕೆ ಇಷ್ಟಾಯಿತು. ಪಕ್ಕದಲ್ಲಿದ್ದ ಹುಡುಗ ಉಸಿರು ಬಿಗಿಹಿಡಿದಿದ್ದ. ನನ್ನ ಕಣ್ಣು ತುಂಬಿತ್ತು.

ಆಮೇಲೆ ಊರವರು ಹಚ್ಚಿದ ಬೆಂಕಿಯಲ್ಲಿ ಉಷಾ ಮತ್ತು ಮಗಳು ಸಾಯುತ್ತಾರೆ. ಶಿಬು ಊರಿನ ಮೇಲೆ ತಿರುಗಿ ಬೀಳುತ್ತಾನೆ. ಜೈಸನ್ ಊರನ್ನು ಕಾಪಾಡುತ್ತಾನೆ. ಕೊನೆಯ ಹೊಡೆದಾಟ ನನಗೆ ಬೇಕಾಗಿರಲಿಲ್ಲ. ಅಲ್ಲಿ ಸಿನಿಮಾ ತಾನೇ ಎತ್ತಿದ ಪ್ರಶ್ನೆಯಿಂದ ಹಿಂದೆ ಸರಿದು, ನಾಯಕನಿಗೆ ಜಯಕಾರ ಕೂಗಿಸಿ ಮುಗಿಸುತ್ತದೆ. ಮೊದಲರ್ಧದ ತಮಾಷೆಗಳಲ್ಲಿ ಕೆಲವು ಸಡಿಲವಾಗಿವೆ. ಇಷ್ಟೆಲ್ಲ ಇದ್ದರೂ, ಯಾರು ರಕ್ಷಕ, ಯಾರು ರಾಕ್ಷಸ ಎಂಬುದನ್ನು ಮಿಂಚು ನಿರ್ಧರಿಸುವುದಿಲ್ಲ, ಊರು ನಿರ್ಧರಿಸುತ್ತದೆ ಎಂದು ಇಷ್ಟು ನೇರವಾಗಿ ಹೇಳಿದ ಸೂಪರ್‌ಹೀರೋ ಸಿನಿಮಾವನ್ನು ನಾನು ಬೇರೆ ನೋಡಿಲ್ಲ. ಇದೇ ಸಿನಿಮಾಕ್ಕಾಗಿ ಕಾಲಡಿಯ ಪೆರಿಯಾರ್ ದಂಡೆಯಲ್ಲಿ ಕಟ್ಟಿದ್ದ ಚರ್ಚಿನ ಸೆಟ್ಟನ್ನು 2020ರ ಮೇ ತಿಂಗಳಲ್ಲಿ ಗುಂಪೊಂದು ಬಂದು ಒಡೆದುಹಾಕಿತ್ತು. ಹಲಗೆ, ಬಣ್ಣಗಳಿಂದ ಮಾಡಿದ ಚರ್ಚು. ಗುಂಪಿನ ಕೈಗೆ ಅದೂ ಸಾಕಾಯಿತು.

ಮಳೆ ನಿಂತ ಮೇಲೆ ಮಗ ಕೇಳಿದ, 'ದೊಡ್ಡಮ್ಮ, ಶಿಬು ಕೆಟ್ಟವನೇ?' ನಾನು ಉತ್ತರ ಕೊಡದೆ ಅಡುಗೆಮನೆಗೆ ಎದ್ದು ಹೋದೆ. ನನಗೆ ಬೇರೊಬ್ಬರು ನೆನಪಾಗಿದ್ದರು.

ಎರಡು ಜೇಬಿನ ಅಂಗಿ

ನಮ್ಮ ಊರಿನ ಬಸ್ ನಿಲ್ಲುವ ಜಾಗದಲ್ಲಿ ಒಂದು ಹೋಟೆಲ್ ಇತ್ತು. ಅದರ ಹಿಂಬದಿಯಲ್ಲಿ, ಕಲ್ಲಿನ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬೆಳಗಿನಿಂದ ರಾತ್ರಿಯವರೆಗೆ ಲೋಟ ತೊಳೆಯುವವರು ಒಬ್ಬರಿದ್ದರು. ಊರಿನಲ್ಲಿ ಯಾರೂ ಅವರನ್ನು ಬಹುವಚನದಲ್ಲಿ ಕರೆದವರಲ್ಲ, ಹೆಸರು ಹಿಡಿದೂ ಕರೆದವರಲ್ಲ. ಒಂದು ಅಡ್ಡಹೆಸರಿತ್ತು. ಅದನ್ನು ಇಲ್ಲಿ ಬರೆಯಲಾರೆ. ಶಾಲೆಯಿಂದ ಬರುವಾಗ ಆ ಹೆಸರು ಕೂಗಿ ಓಡುವುದು ನಮಗೆ ಆಟವಾಗಿತ್ತು, ನಾನೂ ಕೂಗಿದ್ದೇನೆ. ಅವರು ತಮ್ಮಷ್ಟಕ್ಕೆ ತಾವು ಮಾತಾಡಿಕೊಳ್ಳುತ್ತಿದ್ದರು, ಕೆಲವೊಮ್ಮೆ ನಗುತ್ತಿದ್ದರು. ಊರಿಗೆ ಅಷ್ಟು ಸಾಕಾಗಿತ್ತು.

1998ರ ಜುಲೈ. ನನಗೆ ಹದಿಮೂರು. ಜಡಿಮಳೆಯ ದಿನ ಅಪ್ಪನಿಗೆ ಬುತ್ತಿ ಕೊಡಲು ಅಂಗಡಿಗೆ ಹೋಗಿದ್ದೆ. ಆಗ 'ಶಕ್ತಿಮಾನ್' ಧಾರಾವಾಹಿಯ ಹುಚ್ಚು ಹಿಡಿದಿದ್ದ ಕಾಲ. ಯಾರದೋ ಮಗನಿಗೆಂದು ಅಪ್ಪ ಕೆಂಪುಕಂದು ಬಟ್ಟೆಯಲ್ಲಿ ಆ ಉಡುಪು ಹೊಲಿಯುತ್ತಿದ್ದರು, ಎದೆಯ ಮೇಲಿನ ಚಿನ್ನದ ಬಣ್ಣದ ಚಕ್ರಕ್ಕೆ ಜರಿಯ ಚೂರು ಹುಡುಕುತ್ತಿದ್ದರು. ಆ ಹೊತ್ತಿಗೆ ಲೋಟ ತೊಳೆಯುವವರು ಕಂಬಳಿ ಕೊಪ್ಪೆ ಹೊದ್ದು ಬಂದು ಮೆಟ್ಟಿಲ ಕೆಳಗೆ ನಿಂತರು. ಒಂದು ಅಂಗಿ ಹೊಲಿಸಬೇಕು, ಎರಡು ಜೇಬು ಇರಬೇಕು ಎಂದರು. ಬೆಂಚಿನ ಮೇಲೆ ಮಳೆಗೆ ನಿಂತಿದ್ದವರಲ್ಲಿ ಒಬ್ಬ, 'ಎರಡು ಜೇಬಿನಲ್ಲಿ ಏನು ತುಂಬಿಸುತ್ತೀಯೋ?' ಎಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕೊರಳಿನಲ್ಲಿದ್ದ ಟೇಪು ತೆಗೆದು, ಮೇಲೆ ಬಾ ಎಂದು ಕರೆದು, ಕೊಪ್ಪೆ ತೆಗೆಸಿ ನಿಲ್ಲಿಸಿದರು.

ಎದೆಯ ಅಳತೆಗೆ ಟೇಪು ಸುತ್ತಿದಾಗ ಅವರು ಉಸಿರು ಹಿಡಿದು ಕಂಬದಂತೆ ನಿಂತುಬಿಟ್ಟರು. ಅವರ ಕೈಗಳು ಪಕ್ಕದಲ್ಲಿ ಹಾಗೇ ಅಂತರದಲ್ಲಿದ್ದವು, ಬೆರಳ ಸಂದಿಗಳಲ್ಲಿ ಸೋಡಾಪುಡಿ ತಿಂದ ಬಿಳಿ ಬಿರುಕುಗಳು. 'ಉಸಿರು ಬಿಡಪ್ಪಾ, ಇಲ್ಲದಿದ್ದರೆ ಅಂಗಿ ದೊಗಲೆಯಾಗುತ್ತದೆ,' ಎಂದರು ಅಪ್ಪ. ಅವರು ಬಿಡಲಿಲ್ಲ. ಅಪ್ಪ ಟೇಪು ಹಿಡಿದುಕೊಂಡೇ ಸುಮ್ಮನೆ ಕಾದರು. ಸ್ವಲ್ಪ ಹೊತ್ತಿನ ಮೇಲೆ ಉಸಿರು ತಾನಾಗಿಯೇ ಹೊರಗೆ ಬಂತು. ಆಗ ಅಪ್ಪ ಅಳತೆ ಪುಸ್ತಕ ತೆಗೆದು, ಹೆಸರೇನು ಎಂದು ಕೇಳಿದರು. ಅವರು ಹೇಳಿದರು. ಹೊಳೆಯ ಹೆಸರಿನ ಹಾಗೆ ಚೆಂದದ, ಉದ್ದನೆಯ ಹೆಸರು. ನಾನು ಆ ದಿನವೇ ಮೊದಲು ಕೇಳಿದ್ದು. ಬಟ್ಟೆಗೆ ಎಂಬತ್ತೈದು, ಹೊಲಿಗೆಗೆ ನಲವತ್ತೈದು, ಒಟ್ಟು ನೂರ ಮೂವತ್ತು ರೂಪಾಯಿ. ವಾರಕ್ಕೆ ಹತ್ತರಂತೆ ಕೊಡುತ್ತೇನೆ, ಪೂರ್ತಿಯಾದ ಮೇಲೆ ಅಂಗಿ ಕೊಡಿ ಎಂದು ಅವರೇ ಹೇಳಿದರು. ಹಾಗೆಯೇ ಕೊಟ್ಟರು. ದೀಪಾವಳಿಗೆ ಮೊದಲು ಅಂಗಿ ಕೈಗೆ ಬಂತು: ನೀಲಿ ಬಟ್ಟೆ, ಸಣ್ಣ ಬಿಳಿ ಗೆರೆ, ಅಪ್ಪ ಕೈಯಲ್ಲೇ ಹಾಕಿದ ಕಾಜಾಗಳು, ಎರಡು ಜೇಬು. ಹಬ್ಬದ ದಿನ ಅದನ್ನು ತೊಟ್ಟು ಬಸ್ ನಿಲ್ಲುವಲ್ಲಿ ಸುಮ್ಮನೆ ಆ ಕಡೆಯಿಂದ ಈ ಕಡೆಗೆ ನಡೆದಾಡಿದರು.

ಹಬ್ಬ ಕಳೆದ ನಾಲ್ಕೈದು ದಿನಕ್ಕೆ ಒಬ್ಬರ ಮನೆಯ ಉಗ್ರಾಣದಿಂದ ಒಂದು ಮೂಟೆ ಕಾಳುಮೆಣಸು ಕಾಣೆಯಾಯಿತು. ಮೆಣಸಿಗೆ ಒಳ್ಳೆಯ ಬೆಲೆ ಬಂದಿದ್ದ ಕಾಲ. ಯಾರ ಮೇಲೆ ಗುಮಾನಿ ಎಂಬ ಪ್ರಶ್ನೆಗೆ ಊರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಲೋಟ ತೊಳೆಯುವವನಿಗೆ ಹೊಸ ಅಂಗಿ ಎಲ್ಲಿಂದ ಬಂತು? ಹೋಟೆಲಿನ ಮುಂದೆ ಎಳೆದು ತಂದು ಕೇಳಿದರು, ಆಮೇಲೆ ಹೊಡೆದರು. ನಾನು ಅಪ್ಪನ ಅಂಗಡಿಯಲ್ಲಿದ್ದೆ, ನಾಲ್ಕು ಅಂಗಡಿ ಈಚೆಗೆ. ಅವರು ಕೂಗಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು: 'ಟೈಲರ್ ಅಣ್ಣನನ್ನು ಕೇಳಿ, ಪುಸ್ತಕದಲ್ಲಿದೆ.' ಇನ್ನೊಮ್ಮೆಯೂ ಅದನ್ನೇ ಕೂಗಿದರು. ಕೇಳಲು ಯಾರೂ ಬರಲಿಲ್ಲ. ಅಪ್ಪ ಎದ್ದು ಹೋಗಲಿಲ್ಲ. ತಲೆ ತಗ್ಗಿಸಿ ಮೆಷಿನ್ ತುಳಿಯುತ್ತಲೇ ಇದ್ದರು. ನಾನು ನೋಡಿದೆ, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಅಪ್ಪನ ಅಂಗಡಿಯ ಮಳಿಗೆ ಮೆಣಸು ಕಳೆದುಕೊಂಡ ಮನೆಯವರದೇ. ಅವರ ಮನೆಯ ಮದುವೆ, ಹಬ್ಬದ ಬಟ್ಟೆಗಳಿಂದಲೇ ನಮ್ಮ ಮನೆಯ ವರ್ಷದ ಅರ್ಧ ಅಕ್ಕಿ ಬರುತ್ತಿತ್ತು. ನನ್ನ ಶಾಲೆಯ ಖರ್ಚೂ ಅದರಲ್ಲೇ ಇತ್ತು. ಇದೆಲ್ಲ ನನಗೆ ಗೊತ್ತು, ಅಪ್ಪನನ್ನು ತೂಗಲು ನಾನು ಇದನ್ನು ಬರೆಯುತ್ತಿಲ್ಲ. ಮಾರನೆಯ ಬೆಳಿಗ್ಗೆ ಲೋಟ ತೊಳೆಯುವವರು ಊರಿನಲ್ಲಿರಲಿಲ್ಲ. ಎಲ್ಲಿಗೆ ಹೋದರೆಂದು ಯಾರೂ ವಿಚಾರಿಸಲಿಲ್ಲ. ಮೆಣಸು ಯಾರು ಕದ್ದರೆಂಬುದು ಇವತ್ತಿಗೂ ಯಾರಿಗೂ ತಿಳಿಯದು. ಹೋಟೆಲಿನವರು ತೊಟ್ಟಿಯ ಮುಂದೆ ಬೇರೊಬ್ಬ ಹುಡುಗನನ್ನು ಕೂರಿಸಿದರು.

ಕಲ್ಲಿನಲ್ಲಿ ಇರುವವರು

ನಮ್ಮ ಸೀಮೆಯಲ್ಲಿ ವೀರರಿಗೆ ಬರವಿಲ್ಲ. ಹೊಯ್ಸಳರ ಲಾಂಛನದ ಸಳ ಹುಲಿಯನ್ನು ಕೊಂದನೆಂದು ಹೇಳುವ ಸೊಸೆವೂರು ಇವತ್ತಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನದೇ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದೆಂದು ನಾವೆಲ್ಲ ಓದಿದ, ಸುಮಾರು 450ರ ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನದು. ಅದೂ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ದಾನದ ಬರಹ. ನಮ್ಮ ಶಾಲೆಯ ಹಿಂದೆ ಒಂದು ವೀರಗಲ್ಲಿತ್ತು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕುಳಿತಿರುವುದು, ನೆತ್ತಿಯಲ್ಲಿ ಸೂರ್ಯ ಚಂದ್ರ. ತುರುಗೊಳ್ ಎಂದರೆ ದನಗಳನ್ನು ಹೊಡೆದೊಯ್ದವರೊಂದಿಗೆ ನಡೆದ ಹೋರಾಟ. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಕೂಗು ಕೇಳಿ ಓಡಿಹೋದದ್ದು. ಇಂಥ ಹೋರಾಟಗಳಲ್ಲಿ ಸತ್ತವರಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು.

ಸಿನಿಮಾ ನೋಡಿದ ಮೇಲೆ ಆ ಎರಡನೆಯ ಪದದ ಬಗ್ಗೆ ತುಂಬ ಯೋಚಿಸಿದೆ. ಕೂಗು ಕೇಳಿ ಓಡಿಹೋಗುವುದು. ಅದಕ್ಕೆ ಮಿಂಚಿನ ಬಲ ಬೇಕಿಲ್ಲ, ಕತ್ತಿಯೂ ಬೇಕಿಲ್ಲ. ಕೂಗು ನನ್ನ ಅಪ್ಪನಿಗೆ ಕೇಳಿಸಿತ್ತು, ಕೈಯಳತೆಯಲ್ಲಿ ಪುಸ್ತಕವೂ ಇತ್ತು. ನಾಲ್ಕು ಅಂಗಡಿಗಳ ದೂರ. ಆ ನಾಲ್ಕು ಅಂಗಡಿಗಳನ್ನು ದಾಟುವುದು ಎಷ್ಟು ಕಷ್ಟ ಎಂಬುದನ್ನು ಆ ಸಿನಿಮಾ ನನಗೆ ನೆನಪಿಸಿತು. ಊರಿನ ನಡುವೆ ಬದುಕಬೇಕಾದವನು ಊರಿಗೆ ಎದುರು ನಿಲ್ಲುವುದಕ್ಕಿಂತ, ಬೇರೆ ಗ್ರಹದಿಂದ ಬಂದವನು ನಗರವೊಂದನ್ನು ಉಳಿಸುವುದೇ ಸುಲಭ. ಜೈಸನ್ ಕೊನೆಗೆ ಊರನ್ನು ಉಳಿಸುತ್ತಾನೆ, ಒಪ್ಪಿದೆ. ಶಿಬುವಿನ ಮನೆಗೆ ಬೆಂಕಿ ಹಚ್ಚುವ ಹೊತ್ತಿನಲ್ಲಿ ಯಾರಾದರೂ ಒಬ್ಬರು ಬಾಗಿಲಿಗೆ ಅಡ್ಡ ನಿಂತಿದ್ದರೆ ಉಳಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಆ ಒಬ್ಬರಿಗಾಗಿ ನಾನು ಸಿನಿಮಾವನ್ನು ಮತ್ತೆ ಎರಡು ಸಲ ನೋಡಿದ್ದೇನೆ. ಅಂಥವರು ಯಾರೂ ಅಲ್ಲಿಲ್ಲ. ಇಲ್ಲದಿರುವುದೇ ನಿಜಕ್ಕೆ ಹತ್ತಿರ.

ಅಟ್ಟದ ಮೇಲೆ

ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಅಳತೆ ಪುಸ್ತಕಗಳನ್ನು ಇಟ್ಟುಕೊಳ್ಳುವವರಲ್ಲ. ತುಂಬಿದ ಪುಸ್ತಕ ಬಚ್ಚಲೊಲೆಗೆ ಹೋಗುತ್ತಿತ್ತು. ಆದರೂ ಜೂನ್‌ನಲ್ಲಿ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು, 'ಒಂದೇ ಒಂದು ಇದೆ, ಅಟ್ಟದ ಮೇಲೆ. ಸುಡಬೇಡ ಎಂದಿದ್ದರು,' ಎಂದಳು. ಏಕೆಂದು ಅವಳು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ತಂಗಿಯ ಮಗ ನನ್ನೊಂದಿಗೆ ಬಂದಿದ್ದ. ಅವನೇ ಏಣಿ ಹತ್ತಿ, ತಗಡಿನ ಪೆಟ್ಟಿಗೆಯಿಂದ ಪುಸ್ತಕ ತೆಗೆದು ಕೊಟ್ಟ. ಅಂಚುಗಳನ್ನು ಗೆದ್ದಲು ತಿಂದಿತ್ತು. ಸೂಪರ್‌ಹೀರೋ ಉಡುಪು ಹೊಲಿಸಿದ ಹುಡುಗನ ಅಳತೆಯ ಮರುಪುಟದಲ್ಲಿ ನಾನು ಹುಡುಕುತ್ತಿದ್ದುದು ಸಿಕ್ಕಿತು. ಮೇಲೆ ಪೂರ್ತಿ ಹೆಸರು, ಅದರ ಕೆಳಗೆ ಉದ್ದ 28, ಎದೆ 34, ಭುಜ 16½, ಕೊರಳು 14½, ಜೇಬು 2. ಪಕ್ಕದಲ್ಲಿ ಒಂದರ ಕೆಳಗೊಂದು ಹತ್ತು, ಹತ್ತು, ಹತ್ತು, ಪ್ರತಿಯೊಂದರ ಮುಂದೂ ತಾರೀಖು. ಹುಡುಗ ಏಣಿಯ ಮೇಲೆಯೇ ಕುಳಿತು ಆ ಹೆಸರನ್ನು ಜೋರಾಗಿ ಓದಿದ. ಇವರು ಯಾರು ಎಂದು ಕೇಳಿದ. ಕೆಳಗೆ ನಿಂತುಕೊಂಡೇ ಅವನಿಗೆ ಎಲ್ಲವನ್ನೂ ಹೇಳಿದೆ, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ ಎಂಬುದನ್ನೂ. ಅಮ್ಮ ಬಾಗಿಲ ಬಳಿ ಬಂದು ನಿಂತಿದ್ದಳು.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳು ಇಟ್ಟುಕೊಂಡು ಮೇಲಿನಿಂದ ಕೆಳಗೆ ಎಣಿಸಿದ. ಹದಿಮೂರು ಸಾಲು.

'ಪೂರ್ತಿ ಕೊಟ್ಟಿದ್ದಾರಲ್ಲ, ದೊಡ್ಡಮ್ಮ,' ಎಂದ.